ತೇರ್ಗಡೆ ಇರುವಾಗ ನಪಾಸು ಯಾಕೆ?

ಮಾನ್ಯ ಸಂಪಾದಕರೇ,

ಮೊನ್ನೆ ಒಂದು ಪತ್ರಿಕೆಯಲ್ಲಿ ‘ನಪಾಸಾದವರಿಗೆ ಮತ್ತೊಂದು ಅವಕಾಶ’ ಅಂತ ದಪ್ಪಕ್ಷರದ ತಲೆಬರಹವಿತ್ತು. ನನ್ನ ತಂಗಿಯ ಮಗಳು ಅದನ್ನು ಓದಿ, ಪೇಪರ್ ಮಡಚಿ ಟಿವಿ ಮೇಲಿಟ್ಟಳು. ಏನೂ ಮಾತಾಡಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ಗಣಿತ ಉಳಿದಿದೆ.

‘ಗಣಿತ ಉಳಿದಿದೆ’ ಅನ್ನೋದು ಮನೆಮಂದಿಯ ಮಾತು. ಉಳಿದದ್ದು ವಿಷಯ, ಹುಡುಗಿಯಲ್ಲ. ‘ನಪಾಸು’ ಹಾಗಲ್ಲ, ಅದು ಮಗುವಿಗೇ ಅಂಟಿಕೊಳ್ಳುತ್ತದೆ. ಇಂಗ್ಲಿಷಿನ ಪಾಸಿಗೆ ಪಾರ್ಸಿಯ ‘ನಾ’ ಸೇರಿಸಿ ಮಾಡಿದ ಪದ. ‘ನಾಲಾಯಕ್’ನಲ್ಲಿ ಇರುವ ಅದೇ ‘ನಾ’. ಬೈಗುಳದ ವಾಸನೆ ಸುಮ್ನೆ ಬಂದದ್ದಲ್ಲ.

ನಮ್ಮಲ್ಲಿ ‘ತೇರ್ಗಡೆ’ ಅಂತ ಒಳ್ಳೆಯ ಪದವಿದೆ. ಚಿಕ್ಕವನಿದ್ದಾಗ ನಾನು ಅದನ್ನು ‘ತೇರಿನ ಕಡೆ’ ಅಂದುಕೊಂಡಿದ್ದೆ. ಪಾಸಾದರೆ ಜಾತ್ರೆಗೆ ಕರೆದುಕೊಂಡು ಹೋಗುತ್ತಿದ್ದರು, ಅಲ್ವಾ! ರಥಕ್ಕೂ ಅದಕ್ಕೂ ಸಂಬಂಧವಿಲ್ಲ. ಪರೀಕ್ಷೆ ಪಾಸಾಗೋದಕ್ಕೆ ತಮಿಳರು ‘ತೇರ್ಚಿ’ ಅನ್ನುತ್ತಾರೆ, ಅದರ ನೆಂಟ ಇದು. ‘ಉತ್ತೀರ್ಣ’ವೂ ಕೆಟ್ಟ ಪದವೇನಲ್ಲ. ದಾಟಿದ, ದಡ ಮುಟ್ಟಿದ ಅಂತ ಅರ್ಥ. ಆದರೆ ‘ಉತ್ತಿರ್ಣ’, ‘ಉತೀರ್ಣ’ ಅಂತೆಲ್ಲ ಅಚ್ಚಾಗೋದೇ ಜಾಸ್ತಿ.

ತೇರ್ಗಡೆಯ ಗುಣ ಏನೆಂದರೆ, ಅದಕ್ಕೆ ಉಲ್ಟಾ ಪದ ಬೇಕಿಲ್ಲ. ‘ಇನ್ನೂ ತೇರ್ಗಡೆಯಾಗಿಲ್ಲ’ ಅಂದರೆ ಸಾಕು. ಆ ‘ಇನ್ನೂ’ ಈಗ ನಿಜವೂ ಹೌದು. ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಇನ್ನು ಪಾಸಿನ ಗೆರೆ? ನಮ್ಮ ಕಾಲದ ಶೇ 35 ಈಗ ಶೇ 33ಕ್ಕೆ ಇಳಿದಿದೆ. 2025–26ನೇ ಸಾಲಿನಿಂದ 625ಕ್ಕೆ 206 ಬಂದರೆ ಸಾಕು, ಆದರೆ ಪ್ರತಿ ವಿಷಯದಲ್ಲೂ ಕನಿಷ್ಠ ಶೇ 30 ಇರಬೇಕು. ಗೆರೆ ಹೀಗೆ ಸರಿದಾಡುವಾಗ, ಅದರ ಆಚೆ ಉಳಿದ ಮಗುವಿಗೆ ಕಾಯಂ ಹೆಸರು ಕಟ್ಟೋದು ಯಾವ ನ್ಯಾಯ?

ಹಿಂದೆ ಪತ್ರಿಕೆಗಳು ಪಾಸಾದವರ ರಿಜಿಸ್ಟರ್ ನಂಬರ್ ಮಾತ್ರ ಹಾಕುತ್ತಿದ್ದವು. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಪೇಪರಿಗೆ ಹತ್ತು ತಲೆ. ನಂಬರ್ ಸಿಗದವನು ಇನ್ನೊಮ್ಮೆ ಹುಡುಕುತ್ತಿದ್ದ, ಆಮೇಲೆ ಮೆಲ್ಲಗೆ ಸೈಕಲ್ ಹತ್ತುತ್ತಿದ್ದ. ಅವನ ನಂಬರ್ ಇರುತ್ತಿರಲಿಲ್ಲ ನಿಜ, ಆದರೆ ಅವನನ್ನು ನಪಾಸು ಅಂತ ಯಾರೂ ಅಚ್ಚು ಹಾಕುತ್ತಿರಲಿಲ್ಲ.

ತಂಗಿಯ ಮಗಳು ಈಗ ತ್ರಿಕೋನಮಿತಿಯ ಲೆಕ್ಕ ಬಿಡಿಸುತ್ತ ಕೂತಿದ್ದಾಳೆ. ಮುಂದಿನ ಫಲಿತಾಂಶದ ದಿನ ನಮ್ಮ ಮನೆಗೆ ಬರುವ ನಿಮ್ಮ ಪತ್ರಿಕೆ ಮೊದಲು ಅವಳ ಕೈಗೇ ಹೋಗುತ್ತದೆ.

– ಒಬ್ಬ ಓದುಗ, ತುಮಕೂರು