ಹಕ್ಕುಪತ್ರ ಕೊಟ್ಟಾಗಿದೆ, ಕಾಡಿನ ತೀರ್ಮಾನದಲ್ಲೂ ಸೋಲಿಗರಿಗೆ ಪಾಲು ಕೊಡಿ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ ನಮಸ್ಕಾರ.

ಬಿಳಿಗಿರಿರಂಗನ ಬೆಟ್ಟದ ಕಾಡು ಮತ್ತು ಅಲ್ಲಿನ ಬುಡಕಟ್ಟು ಜನರಾದ ಸೋಲಿಗರ ಬಗ್ಗೆ ಈ ಪತ್ರ. ಬೆಟ್ಟದ ಕೆಳಗಿನ ಬಯಲಿನವರಾದ ನಮಗೂ ಇದು ಬೇರೆಯವರ ವಿಷಯವಲ್ಲ. ಆ ಬೆಟ್ಟದ ಸಾಲಿನಲ್ಲಿ ಬಿದ್ದ ಮಳೆಯೇ ಸುವರ್ಣಾವತಿಯಾಗಿ ನಮ್ಮ ಕಡೆಗೆ ಇಳಿಯುತ್ತದೆ. ಕಾಡೂ ಉಳಿಯಬೇಕು, ಹುಲಿಯೂ ಉಳಿಯಬೇಕು. ಅದರಲ್ಲಿ ಎರಡು ಮಾತಿಲ್ಲ.

2006ರಲ್ಲಿ ಈ ಕಾಡಿನಿಂದ ಜೇನು, ನೆಲ್ಲಿಕಾಯಿ, ಪಾಚಿ ತಂದು ಮಾರುವುದಕ್ಕೆ ತಡೆ ಬಿತ್ತು. ಸೋಲಿಗರ ವರ್ಷದ ಆದಾಯದ ದೊಡ್ಡ ಪಾಲು ಒಂದೇ ಏಟಿಗೆ ಹೋಯಿತು. ಎಷ್ಟೋ ಮನೆಯವರು ಊರು ಬಿಟ್ಟು ಕೂಲಿಗೆ ಹೊರಟರು. ಆಮೇಲೆ 2011 ಬಂತು. ಅದೇ ವರ್ಷ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಸೋಲಿಗರ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯ ಅಡಿ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಹುಲಿ ಪ್ರದೇಶದ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಜನ ಒಳಗಿದ್ದರೆ ಹುಲಿ ಬಾಳುವುದಿಲ್ಲ ಎಂದು ಹೆದರಿದವರಿದ್ದರು. ಆದರೆ 2010 ಮತ್ತು 2014ರ ಗಣತಿಗಳ ನಡುವೆ ಇಲ್ಲಿ ಹುಲಿಗಳು ಹೆಚ್ಚುಕಡಿಮೆ ಇಮ್ಮಡಿಯಾದವು ಎಂದು ವರದಿಯಾಯಿತು.

ಹಾಗಾದರೆ ತೊಂದರೆ ಏನು ಅಂತೀರಾ? ಲಂಟಾನ ಬೆಳೆದ ಕಾಡಿನೊಳಗೆ ಒಮ್ಮೆ ನಡೆದು ನೋಡಿ. ಆಳೆತ್ತರದ ಮುಳ್ಳುಪೊದೆ. ಕೆಳಗೆ ಹುಲ್ಲಿಲ್ಲ, ಸಸಿ ಮೇಲೇಳುವುದಿಲ್ಲ. ಜಿಂಕೆ, ಕಡವೆಗೆ ಮೇವಿಲ್ಲದಿದ್ದರೆ ಹುಲಿ ಏನು ತಿನ್ನಬೇಕು? ಪೋಡಿನ, ಅಂದರೆ ಸೋಲಿಗರ ಹಾಡಿಯ, ಹಿರಿಯರು ಇದಕ್ಕೆ ಒಂದು ಕಾರಣ ಹೇಳುತ್ತಾರೆ. ಹಿಂದೆ ಅವರು ಬೇಸಿಗೆ ಬಿರುಸಾಗುವ ಮೊದಲೇ ‘ತರಗು ಬೆಂಕಿ’ ಹಾಕುತ್ತಿದ್ದರು. ನೆಲದ ತರಗೆಲೆ ಮಾತ್ರ ಉರಿದು ಆರುವ ಸಣ್ಣ ಬೆಂಕಿ ಅದು. ಲಂಟಾನದ ಎಳೆ ಗಿಡ ಅದರಲ್ಲೇ ಸಾಯುತ್ತಿತ್ತು, ಹುಲ್ಲು ಹೊಸದಾಗಿ ಚಿಗುರುತ್ತಿತ್ತು. ನೆಲ್ಲಿ ಮರಕ್ಕೆ ಹತ್ತುವ ಬದನಿಕೆಯೂ ಹತೋಟಿಯಲ್ಲಿತ್ತು ಎನ್ನುತ್ತಾರೆ. ಬದನಿಕೆ ಹಬ್ಬಿದ ನೆಲ್ಲಿಯಲ್ಲಿ ಕಾಯಿ ಕಡಿಮೆ, ಕೊನೆಗೆ ಕೊಂಬೆಯೇ ಒಣಗುತ್ತದೆ. 1974ರಲ್ಲಿ ಅಭಯಾರಣ್ಯವಾದ ಮೇಲೆ ತರಗು ಬೆಂಕಿ ನಿಂತಿತು. ಈಗ ಒಣಗಿದ ಲಂಟಾನಕ್ಕೆ ಕಡುಬೇಸಿಗೆಯಲ್ಲಿ ಕಿಡಿ ತಗುಲಿದರೆ ಬೆಂಕಿ ಮರದ ತುದಿಗೇ ಏರುತ್ತದೆ. ಅದನ್ನು ಆರಿಸಲು ಓಡುವವರೂ ಸೋಲಿಗ ಹುಡುಗರೇ, ದಿನಗೂಲಿ ವಾಚರ್‌ಗಳಾಗಿ!

ಹಿರಿಯರು ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಒಪ್ಪಿ ಎನ್ನುತ್ತಿಲ್ಲ. ಪರೀಕ್ಷಿಸಿ ನೋಡಿ. ಸಂಶೋಧಕರೂ ವರ್ಷಗಳಿಂದ ಈ ಬೆಟ್ಟದಲ್ಲಿ ಸೋಲಿಗರ ಜೊತೆ ಕೆಲಸ ಮಾಡಿದ್ದಾರೆ. ಕೊರತೆ ಇರುವುದು ಇಲಾಖೆಯ ಒಪ್ಪಿಗೆಯಲ್ಲಿ ಮಾತ್ರ. ಸಮುದಾಯದ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕನ್ನೂ 2006ರ ಅರಣ್ಯ ಹಕ್ಕು ಕಾಯ್ದೆ ಕೊಟ್ಟಿದೆ, ಅಲ್ವಾ? ಆದರೆ ಕಾಡಿನ ಯೋಜನೆ ಬರೆಯುವ ಮೇಜಿನ ಸುತ್ತ ಗ್ರಾಮಸಭೆಯವರು ಕಾಣುವುದಿಲ್ಲ. ದೊಡ್ಡ ಸಂಪಿಗೆ ಮರವನ್ನು ಇಲಾಖೆ ಹುಟ್ಟುವ ಮೊದಲಿನಿಂದಲೂ ದೇವರೆಂದು ಕಾದವರು ಇವರು. ಇವರನ್ನು ಕೇಳದೆ ಯಾರನ್ನು ಕೇಳುತ್ತೀರಿ?

ಅದರ ಮೇಲೆ ಎತ್ತಂಗಡಿಯ ಭಯ ಬೇರೆ. 2017ರಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಹುಲಿಗಳ ಮುಖ್ಯ ನೆಲೆಯಲ್ಲಿ ಅರಣ್ಯ ಹಕ್ಕು ಕೊಡಬೇಡಿ ಎಂದಿತು, ಮರುವರ್ಷ ಆ ಆದೇಶ ವಾಪಸಾಯಿತು. 2024ರ ಜೂನ್‌ನಲ್ಲಿ ಅದೇ ಪ್ರಾಧಿಕಾರ, ಈ ನೆಲೆಗಳಲ್ಲಿರುವ 591 ಹಳ್ಳಿಗಳ ಸ್ಥಳಾಂತರಕ್ಕೆ ಯೋಜನೆ ಮಾಡಿ ಎಂದು ರಾಜ್ಯಗಳಿಗೆ ಬರೆಯಿತು. ಕುಟುಂಬಕ್ಕೆ 15 ಲಕ್ಷ ರೂಪಾಯಿಯಂತೆ. ಬೆಟ್ಟದ ದೇವರು, ಜೇನಿನ ಮರ, ಹಿರಿಯರ ಕಲ್ಲು ಇವನ್ನೆಲ್ಲ ಬಿಟ್ಟು ಬರುವುದಕ್ಕೆ ಅದು ಬೆಲೆಯೇ? ಗ್ರಾಮಸಭೆ ಒಪ್ಪದೆ ಯಾರನ್ನೂ ಕದಲಿಸುವುದಿಲ್ಲ ಎಂದು ನೀವೇ ಬರೆದು ಕೊಡಿ. ಬಾಯಿಮಾತು ಸಾಲದು.

ಇನ್ನೊಂದು ಕೆಲಸ ಈ ವರ್ಷವೇ ಆಗಬೇಕು. ಚಳಿಗಾಲ ಮುಗಿಯುವ ಮೊದಲು ಒಂದು ಪೋಡಿನಲ್ಲಿ ಸಭೆ ಕರೆಯಿರಿ. ಅಧಿಕಾರಿಗಳು, ಸಂಶೋಧಕರು, ತರಗು ಬೆಂಕಿ ಹಾಕಿ ಗೊತ್ತಿರುವ ಹಿರಿಯರು ಒಟ್ಟಿಗೆ ಕೂರಲಿ. ಸಣ್ಣ ಜಾಗವೊಂದನ್ನು ಗುರುತಿಸಿ, ಕಾನೂನಿನ ಒಪ್ಪಿಗೆ ಪಡೆದು, ಪ್ರಯೋಗ ಮಾಡಿ. ಲಂಟಾನ ಕಡಿಯುವ ಕೆಲಸವನ್ನು ಹೊರಗಿನ ಗುತ್ತಿಗೆದಾರರಿಗೆ ಕೊಡದೆ ಗ್ರಾಮಸಭೆಗೇ ಕೊಡಿ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದೇ ಲಂಟಾನದಿಂದ ಕುರ್ಚಿ, ಮೇಜು ಮಾಡಿ ಮಾರಿದ್ದಾರೆ. ಇಲ್ಲೂ ಅದು ಆಗುವ ಕೆಲಸ. ಸಭೆಯ ದಿನ ಯಾವುದೆಂದು ತಿಳಿಸಿ. ಕೆಳಗಿನ ಊರುಗಳಿಂದ ನಾವೂ ಬಂದು ಕೂರುತ್ತೇವೆ.

ಇಂತಿ,
ಚಾಮರಾಜನಗರ ಜಿಲ್ಲೆಯ ಒಬ್ಬ ನಿವಾಸಿ