ಫ್ರೆಂಚ್ ಗಡಿಯಾರದ ದುರಸ್ತಿ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಹಳೇ ಗಡಿಯಾರಗಳ ದುರಸ್ತಿ ವಿಭಾಗ,
ಬೆಂಗಳೂರು

ವಿಷಯ: ಕೇಳದೆ ಪಾಲಿಶ್ ಮಾಡಿರುವುದು, ಪೆಂಡುಲಮ್ ಬದಲಾಗಿರುವುದು

ಮಾನ್ಯರೇ,

ಕಳೆದ ತಿಂಗಳು ನಮ್ಮ ಫ್ರೆಂಚ್ ಗಡಿಯಾರವನ್ನು ನಿಮ್ಮಲ್ಲಿ ದುರಸ್ತಿಗೆ ಕೊಟ್ಟಿದ್ದೆ. ಅರ್ಧ ಗಂಟೆಗೆ ಒಮ್ಮೆ ಬಾರಿಸಬೇಕಾದ ಬೆಲ್ ಬಾರಿಸುತ್ತಿರಲಿಲ್ಲ. ಅದರ ಜೋಡಿ ಮೇಣದಬತ್ತಿ ಕಂಬಗಳಲ್ಲಿ ಒಂದರ ಕವಲು ಸಡಿಲವಾಗಿತ್ತು, ಅದನ್ನೂ ತಂದಿದ್ದೆ. 'ಬೆಲ್ ರಿಪೇರಿ, ಸ್ಕ್ರೂ ಬಿಗಿ' ಎಂದು ರಸೀದಿಯಲ್ಲಿ ನಿಮ್ಮವರೇ ಬರೆದಿದ್ದಾರೆ. ಪಾಲಿಶ್ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ.

ಶನಿವಾರ ಮೈಸೂರಿಗೆ ತಂದು ಸುತ್ತಿದ ಬಟ್ಟೆ ಬಿಚ್ಚಿದಾಗ ಎದೆ ಧಸಕ್ಕೆಂದಿತು. ಆ ಕಂಬ ಹುಣಸೆಹಣ್ಣು ಹಾಕಿ ತಿಕ್ಕಿದ ಚೊಂಬಿನ ಹಾಗೆ ಥಳಥಳ ಅನ್ನುತ್ತಿದೆ. ಅದು ಹಿತ್ತಾಳೆ ಸಾಮಾನಲ್ಲ ಸ್ವಾಮಿ, ಕಂಚಿನ ಮೇಲೆ ಚಿನ್ನದ ಲೇಪ. ಮಾಡಿದವರು ಎಲೆಗಳ ಮೈಯನ್ನು ಬೇಕೆಂದೇ ಮಂಕಾಗಿ ಬಿಟ್ಟು, ಅಂಚಿಗೆ ಮಾತ್ರ ಹೊಳಪು ಕೊಟ್ಟಿದ್ದರು. ಬೆಳಕು ಬಿದ್ದರೆ ಒಂದೊಂದು ಎಲೆಯೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಈಗ ಎಲ್ಲ ಒಂದೇ ಸಮ. ಸಂದಿಗಳಲ್ಲಿ ಮಾತ್ರ ಹಳೇ ಚಿನ್ನ ಒಂದಿಷ್ಟು ಉಳಿದಿದೆ, ಅದರ ಮೇಲೂ ಪಾಲಿಶ್‌ನ ಬಿಳಿ ಪುಡಿ ಒಣಗಿ ಕೂತಿದೆ.

ಫ್ರಾನ್ಸಿನಲ್ಲಿ ಅಗ್ಗಿಷ್ಟಿಕೆಯ ಮೇಲಿನ ಕಟ್ಟೆಗೆಂದು ಮೂರನ್ನೂ ಸೇರಿಸಿಯೇ ಮಾಡುತ್ತಿದ್ದರು. ನಡುವೆ ಗಡಿಯಾರ, ಅಕ್ಕಪಕ್ಕ ಕಂಬ. ಪ್ಯಾರಿಸ್‌ನಲ್ಲಿ ಇದ್ದಾಗ ಸೇಂಟ್ ಊವಾನ್ ಎಂಬ ಹಳೇ ಸಾಮಾನುಗಳ ಸಂತೆಯಲ್ಲಿ ಮೂರೂ ಒಟ್ಟಿಗೆ ಸಿಕ್ಕವು ಅಂತಲೇ ನಾವು ತಗೊಂಡದ್ದು. ಈಗ ಒಂದರ ಬಣ್ಣ ಹೋಗಿದೆ. ಜೋಡಿ ಕೆಟ್ಟ ಹಾಗೇ ಅಲ್ವಾ?

ಇನ್ನು ಪೆಂಡುಲಮ್. ಗಡಿಯಾರದ ಹಿಂದಿನ ತಗಡಿನ ಮೇಲೆ ಗಡಿಯಾರ ಮಾಡುವ ಜಾಪಿ ಕಂಪನಿಯ ಮುದ್ರೆ ಇದೆ, 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಅವರಿಗೆ ಸಿಕ್ಕ ಪದಕದ ಹೆಸರೂ ಇದೆ. ಕೆಳಗೆ 4173 ಎಂಬ ಸಂಖ್ಯೆ. ನಾನು ಕೊಟ್ಟ ಪೆಂಡುಲಮ್‌ನ ಗುಂಡಿನ ಹಿಂದೆಯೂ ಅದೇ 4173 ಇತ್ತು, ಕೊಡುವ ಮುಂಚೆ ತೆಗೆದ ಫೋಟೋ ನನ್ನ ಬಳಿ ಇದೆ. ನೀವು ವಾಪಸ್ ಕೊಟ್ಟದ್ದರ ಮೇಲೆ 860 ಅಂತಿದೆ. ಇದು ಬೇರೆ ಗಡಿಯಾರದ್ದು, ಉದ್ದವೂ ಕಮ್ಮಿ. ದಿನಕ್ಕೆ ಇಪ್ಪತ್ತು ನಿಮಿಷ ಮುಂದೆ ಓಡುತ್ತಿದೆ. 12ರ ಮೇಲಿನ ಸಣ್ಣ ತೂತಿಗೆ ಕೀಯ ಚಿಕ್ಕ ತುದಿ ಹಾಕಿ, ನಿಧಾನದ ಕಡೆಗೆ ಪೂರ್ತಿ ತಿರುಗಿಸಿಯೂ ನೋಡಿದೆ. ಸರಿಹೋಗಲಿಲ್ಲ.

ಫೋನ್ ಮಾಡಿದರೆ ನಿಮ್ಮ ಹುಡುಗರು, 'ಮೇಡಂ, ಹೊಸದರ ಹಾಗೆ ಮಾಡಿಕೊಟ್ಟಿದ್ದೀವಲ್ಲ' ಅಂದರು. ಹೊಸದು ಮಾಡಿ ಎಂದು ನಾನು ಕೇಳಿರಲಿಲ್ಲ. ಹೋದ ಚಿನ್ನವನ್ನು ಮೊದಲಿದ್ದ ಹಾಗೆ ಯಾರೂ ತಂದುಕೊಡಲಾರರು. ಹೊಸ ಲೇಪ ಹಾಕಿಕೊಡುತ್ತೇವೆ ಎಂದು ದಯವಿಟ್ಟು ಹೇಳಬೇಡಿ, ನನಗೆ ಅದು ಬೇಡ.

ದುರಸ್ತಿಯ ಪೂರ್ತಿ ಹಣ ವಾಪಸ್ ಮಾಡಿ. ಕಂಬಕ್ಕೆ ಆದ ಹಾನಿಗೆ ಎಷ್ಟು ಪರಿಹಾರ ಕೊಡುತ್ತೀರಿ ಎಂದು 15 ದಿನದೊಳಗೆ ಬರವಣಿಗೆಯಲ್ಲಿ ತಿಳಿಸಿ. ಇಲ್ಲದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಅದಕ್ಕೂ ಮೊದಲು, ಇವತ್ತೇ, ನಿಮ್ಮ ಮೇಜಿನ ಡ್ರಾಯರ್‌ಗಳನ್ನೆಲ್ಲ ಹುಡುಕಿಸಿ. 4173 ಅಲ್ಲೇ ಎಲ್ಲೋ ಇರುತ್ತದೆ. ಸಿಕ್ಕರೆ ಒರೆಸಲೂ ಬೇಡಿ, ಇದ್ದ ಹಾಗೇ ಬಟ್ಟೆಯಲ್ಲಿ ಸುತ್ತಿ ಇಡಿ. ನಾನೇ ಬಂದು ತಗೊಳ್ಳುತ್ತೇನೆ.

ಇತಿ,
ನಿಮ್ಮ ಗ್ರಾಹಕಿ,
ಮೈಸೂರು