ಚಿರತೆ ಥೀಸಿಸ್ ಮುಗಿಯಿತು, ಥ್ಯಾಂಕ್ಸ್ ಹೇಳುವುದಿದೆ

ವೈವಾ ಮುಗಿಯಿತು. ಚಿರತೆಯ ಮುಂಗಾಲಿನ ನರಗಳ ಬಗ್ಗೆ ಇನ್ನು ಯಾರ ತಲೆಯನ್ನೂ ತಿನ್ನುವುದಿಲ್ಲ. ಇದೊಂದು ಸಲ ಸಹಿಸಿಕೊಳ್ಳಿ.

ಗೈಡ್ ಮೇಡಂ, ಅರಣ್ಯ ಇಲಾಖೆಯವರು, ಹೆಬ್ಬಾಳದ ಹಾಸ್ಟೆಲ್ ಗೆಳತಿಯರು, ಎಲ್ಲರಿಗೂ ಥ್ಯಾಂಕ್ಸ್. 1972ರ ವನ್ಯಜೀವಿ ಕಾಯ್ದೆಯ ಷೆಡ್ಯೂಲ್ 1ರ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯ ಪ್ರಾಣಿ, ಸತ್ತ ಮೇಲೂ ಮುಟ್ಟಲು ಅನುಮತಿ ಬೇಕು. ಆ ಓಡಾಟದ ಕತೆ ನಿಮಗೆಲ್ಲ ಬಾಯಿಪಾಠ ಆಗಿದೆ, ಬಿಡಿ.

ನಮ್ಮ ಡಿಸೆಕ್ಷನ್ ಹಾಲ್‌ನ ಅಟೆಂಡರ್ ಅಣ್ಣನ ಕತೆ ಮಾತ್ರ ನಿಮಗೆ ಗೊತ್ತಿಲ್ಲ.

ಚಿರತೆಯ ಮುಂಗಾಲು ಕೀಲಿನಿಂದ ಮೈಗೆ ಸೇರಿಲ್ಲ. ಹಿಡಿದಿರುವುದು ಬರೀ ಮಾಂಸಖಂಡ. ಕಂಕುಳಲ್ಲಿ ಚಾಕು ಆಡಿಸಿದರೆ ಕಾಲು ಸಲೀಸಾಗಿ ಕೈಗೆ ಬರುತ್ತದೆ. ಆದರೆ ನನಗೆ ಬೇಕಾದ ನರಗಳ ಜಾಲ ಇರುವುದೇ ಅಲ್ಲಿ. ಬೆಕ್ಕಿನ ಜಾತಿಯಲ್ಲಿ ಸಾಮಾನ್ಯವಾಗಿ ಕತ್ತಿನ ಕೊನೆಯ 3 ನರಗಳು, ಎದೆಯ ಮೊದಲನೆಯದು ಅಲ್ಲಿ ಹೆಣೆದುಕೊಂಡು ಕಾಲಿಗಿಳಿಯುತ್ತವೆ. ಪೋಸ್ಟ್‌ಮಾರ್ಟಂನಲ್ಲಿ ದೊಡ್ಡ ರಕ್ತನಾಳಗಳು ತುಂಡಾಗಿದ್ದವು. ದೇಹ ಕೊಳೆಯದಂತೆ ತಡೆಯುವ ಫಾರ್ಮಲಿನ್ ದ್ರಾವಣವನ್ನು ಕತ್ತಿನ ರಕ್ತನಾಳದಿಂದ ಬಿಟ್ಟರೆ ಎದೆಯೊಳಗೇ ಸೋರಿಹೋಗುತ್ತಿತ್ತು. ಅದನ್ನು ಬಿಡಲು ಕಂಕುಳಿನ ಅಪಧಮನಿಯನ್ನೇ ಹುಡುಕಬೇಕಿತ್ತು. ಅಲ್ಲಿವರೆಗೆ ಕಾಲನ್ನು ಜಗ್ಗದೆ ಎತ್ತಿ ಹಿಡಿದಿರಬೇಕು. ಅಣ್ಣ ಹಿಡಿದರು. ಕೈ ಬದಲಿಸುವಾಗ ಮಾತ್ರ "ಒಂದ್ನಿಮಿಷ ಡಾಕ್ಟ್ರಮ್ಮ" ಅನ್ನುತ್ತಿದ್ದರು.

ಮಧ್ಯರಾತ್ರಿ ಮನೆಯಿಂದ ಫೋನ್ ಬಂತು. ಆ ವಾರ ಏನೇನಾಯಿತು ಅಂತ ನಿಮಗೆ ಗೊತ್ತು. ಗ್ಲೌಸ್ ಕಿತ್ತೆಸೆದೆ. ಸತ್ತ ಪ್ರಾಣಿಯ ನರ ಎಣಿಸಿ ಯಾರಿಗೇನು ಬರುತ್ತೆ ಅಂತ ಕಿರುಚಿದೆ. ಅಣ್ಣ ಎದುರು ಮಾತಾಡಲಿಲ್ಲ, ಹಿಡಿದ ಕಾಲನ್ನು ಕೆಳಗಿಳಿಸಲೂ ಇಲ್ಲ. ನಾನು ಸುಮ್ಮನಾದ ಮೇಲೆ, "ಇದೊಂದು ಮುಗಿಸಿ ಊರಿಗೆ ಹೋಗಿ. ಇಲ್ಲಿದು ನಾನು ನೋಡ್ಕೋತೀನಿ" ಅಂದರು. ಮುಗಿಸಿದೆವು. ಬೆಳಗಿನ ಬಸ್ಸಿಗೆ ಮೆಜೆಸ್ಟಿಕ್‌ವರೆಗೆ ಅವರೇ ಬೈಕಿನಲ್ಲಿ ಬಿಟ್ಟರು. ನಾನು ವಾಪಸ್ ಬರುವವರೆಗೂ ಕಾಲಿಗೆ ಹೊದಿಸಿದ ಫಾರ್ಮಲಿನ್ ಬಟ್ಟೆ ಒಣಗಲು ಬಿಟ್ಟಿರಲಿಲ್ಲ. ರಜೆಯಲ್ಲೂ ಬಂದು ನೋಡುತ್ತಿದ್ದರಂತೆ.

ಮೊಣಕೈಗಿಂತ ಸ್ವಲ್ಪ ಮೇಲೆ, ತೋಳಿನ ಮೂಳೆಯ ಒಳಬದಿಯಲ್ಲಿ ಬೆಕ್ಕಿನ ಜಾತಿಗೆ ಒಂದು ತೂತಿದೆ. ನಾಯಿಗೆ ಇಲ್ಲ. ಮೀಡಿಯನ್ ನರ ಅದರೊಳಗೆ ತೂರಿಕೊಂಡೇ ಪಂಜಕ್ಕೆ ಹೋಗುತ್ತದೆ. ಥೀಸಿಸ್‌ನಲ್ಲಿ ನನಗೆ ಜಾಸ್ತಿ ಇಷ್ಟವಾದ ಫೋಟೋ ಅದೇ. ಅಂಚಿನಲ್ಲಿ ಅಣ್ಣನ ಹೆಬ್ಬೆರಳೂ ಇದೆ. ಕ್ರಾಪ್ ಮಾಡಲು ಮನಸ್ಸಾಗಲಿಲ್ಲ.

ಅವತ್ತಿನ ನನ್ನ ಪ್ರಶ್ನೆಗೆ ಉತ್ತರ ಇಲ್ಲದೇ ಇಲ್ಲ. ಉರುಳಿಗೋ ಲಾರಿಗೋ ಸಿಕ್ಕ ಚಿರತೆ ಪಂಜ ಮಡಚಿ ಎಳೆಯುತ್ತಾ ನಡೆದರೆ ಪಂಜ ಚಾಚಲು ಬೇಕಾದ ರೇಡಿಯಲ್ ನರಕ್ಕೆ ಪೆಟ್ಟಾಗಿರಬಹುದು. ಎಲ್ಲಿ ನೋಡಬೇಕು ಅಂತ ಡಾಕ್ಟರಿಗೆ ಗೊತ್ತಿರಬೇಕಲ್ವಾ?

ಅಮ್ಮನಿಗೆ ಇಲ್ಲಿ ಥ್ಯಾಂಕ್ಸ್ ಬರೆದರೆ ಬೈಯುತ್ತಾಳೆ. ಉಳಿದವರು ಭಾನುವಾರ ಬನ್ನಿ, ಊಟ ನನ್ನದು. ಅಣ್ಣ ಮುದ್ದೆ ಇರೋ ಕಡೆನೇ ಆಗಬೇಕು ಅಂದಿದ್ದಾರೆ.